ಓಡದ ಸ್ಕೂಟರಿನ ಪೆಟ್ರೋಲು

ದಿನಾ ಬೆಳಿಗ್ಗೆ ಕಾಪಿಗಿಂತ ಮೊದಲು ಮೇರಿಕ್ಕುಟ್ಟಿಯ ಬಾಯಿಗೆ ಹೋಗುತ್ತಿದ್ದದ್ದು ಪೆಟ್ರೋಲು.

ಕುಡಿಯುತ್ತಿದ್ದಳೆಂದಲ್ಲ. ಮಗ ಟೋಜೋನ ಬೈಕಿನ ಟ್ಯಾಂಕಿಗೆ ಒಂದು ಸಪೂರ ಕೊಳವೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ತುಟಿಗಿಟ್ಟು ಒಂದೇ ಉಸಿರಿಗೆ ಎಳೆಯುವಳು. ಕೊಳವೆಯೊಳಗೆ ಅದು ಏರಿ ಬರುವುದನ್ನು ಕಣ್ಣಂಚಿನಲ್ಲಿ ನೋಡುತ್ತ, ನಾಲಿಗೆಗೆ ತಾಗುವ ಮೊದಲೇ ಹೆಬ್ಬೆರಳಿನಿಂದ ತುದಿ ಮುಚ್ಚಿ ಬ್ರಾಂದಿ ಬಾಟಲಿಯ ಬಾಯಿಗೆ ತೂರಿಸುವಳು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಹತ್ತನೆಯ ಸಲ ಬಾಯಿ ತುಂಬುತ್ತಿತ್ತು. ಆಗ ಅಂಗಳದ ಮೂಲೆಯ ಕರಿಬೇವಿನ ಬುಡಕ್ಕೆ ಕ್ಯಾಕರಿಸಿ ಉಗಿಯುವಳು. ಆ ಗಿಡ ಸತ್ತು ಎಷ್ಟೋ ವರ್ಷವಾಗಿತ್ತು. ಉಗಿಯುವ ಜಾಗ ಮಾತ್ರ ಬದಲಾಗಿರಲಿಲ್ಲ.

ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ. ಎಲ್ಲೆಲ್ಲೋ ಯಾರ್ಯಾರೋ ಸಿಟ್ಟಿನಲ್ಲಿ ಅದನ್ನು ಮನುಷ್ಯರ ಮೇಲೆ ಸುರಿದ ಮೇಲೆ ಬಂದ ಕಟ್ಟಳೆ. ಅವಳ ಹೊಟ್ಟೆಪಾಡಿನ ಹುಲ್ಲು ಹೊಡೆಯುವ ಮೆಷಿನ್ನನ್ನೇ ಹೆಗಲ ಮೇಲೆ ಹೊತ್ತು ಹೋದರೆ ಅದರ ಪುಟ್ಟ ಟ್ಯಾಂಕಿಗೆ ಹಿಡಿಯುವಷ್ಟು ಹಾಕಿಕೊಟ್ಟಾರು, ಅದು ಒಂದು ಗಂಟೆಯ ಕೆಲಸಕ್ಕೂ ಸಾಲದು. ಆದ್ದರಿಂದ ಮಣಿಯಂಕುನ್ನಿನ ಈ ಗುಡ್ಡದೂರಿನಲ್ಲಿ ಈ ಕೆಲಸ ಮಾಡುವವರೆಲ್ಲ ಬೈಕಿಗೆ ಹಾಕಿಸಿ, ಮನೆಗೆ ಬಂದು, ಬಾಯಲ್ಲಿ ಎಳೆಯುವವರೇ. ಎಳೆದದ್ದಕ್ಕೆ ಹಸಿರು ಎಣ್ಣೆಯನ್ನು ಅಳತೆಗೆ ಬೆರೆಸಿ ಕುಲುಕಿ ಇಟ್ಟುಕೊಳ್ಳಬೇಕು. ಇಡುವುದಕ್ಕೆ ಗಾಜಿನ ಬ್ರಾಂದಿ ಬಾಟಲಿಯೇ ಆಗಬೇಕು. ಮುಚ್ಚಳ ಬಿಗಿ, ತಳದಲ್ಲಿ ನೀರು ನಿಂತಿದ್ದರೆ ಬೆಳಕಿಗೆ ಹಿಡಿದ ಕೂಡಲೇ ಗೆರೆ ಕಾಣುತ್ತದೆ. ಈಗಿನ ಪೆಟ್ರೋಲು ಮಳೆಗಾಲದ ಗಾಳಿಯಿಂದಲೇ ನೀರು ಕುಡಿದು, ಮೂರು ವಾರ ಇಟ್ಟರೆ ಒಡೆದ ಹಾಲಿನ ಹಾಗೆ ಎರಡು ಪಾಲಾಗುತ್ತದೆ. ಅದನ್ನು ಹಾಕಿದರೆ ಮೆಷಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಇದನ್ನೆಲ್ಲ ಸೊಸೆ ಜಿಸ್ಮಿ ತಿಳಿದುಕೊಂಡದ್ದು ಮದುವೆಯಾದ ಮೂರನೆಯ ದಿನ, ಅದೂ ಕಾಲ್ಗೆಜ್ಜೆಯ ಕೊಂಡಿ ಬಿದ್ದುಹೋಯಿತೆಂದು ಮಂಚದ ಕೆಳಗೆ ಬಗ್ಗಿ ನೋಡಿದಾಗ. ಎರ್ನಾಕುಳಂನ ಕಲೂರಿನಲ್ಲಿ ನಾಲ್ಕನೆಯ ಮಹಡಿಯ ಮನೆಯಲ್ಲಿ ಬೆಳೆದವಳು, ಕಾನ್ವೆಂಟಿನಲ್ಲಿ ಓದಿದವಳು, ಬಟ್ಟೆ ಅಂಗಡಿಯ ಬಿಲ್ಲಿನ ಮೇಜಿನಲ್ಲಿ ನಾಲ್ಕು ವರ್ಷ ಕೂತವಳು. ಟೋಜೋ ಕಂಡಕ್ಟರಾಗಿದ್ದ ಬಸ್ಸಿನಲ್ಲಿ ದಿನಾ ಬರುತ್ತಿದ್ದಳು. ಚಿಲ್ಲರೆ ಕೊಡುತ್ತ ತೆಗೆದುಕೊಳ್ಳುತ್ತ ಆದ ಮದುವೆ. ಹೊಸ ಬಣ್ಣ ಬಳಿದಿದ್ದ ಕೋಣೆಯಲ್ಲಿ, ತನ್ನದೇ ಮಂಚದ ಕೆಳಗೆ, ಒದ್ದೆ ಗೋಣಿಚೀಲ ಹೊದ್ದು ಐದು ಬ್ರಾಂದಿ ಬಾಟಲಿಗಳು ಸಾಲಾಗಿ ನಿಂತಿದ್ದವು.

ಅಮ್ಮಚ್ಚಿ ಕುಡಿಯುತ್ತಾರಾ ಎಂದು ಅವಳು ಗಂಡನನ್ನು ಪಿಸುಮಾತಿನಲ್ಲಿ ಕೇಳಿದಳು. ಉತ್ತರ ಬಂದದ್ದು ಅಡುಗೆಮನೆಯಿಂದ, ಸೊಸೆಯನ್ನು ಮೋಳೆ, ಮಗಳೇ, ಎಂದೇ ಕರೆಯುತ್ತಿದ್ದ ಅತ್ತೆಯಿಂದ.

“ಬ್ರಾಂದಿ ಆಗಿದ್ರೆ ಇಷ್ಟು ಹೊತ್ತಿಗೆ ನಿನ್ನ ಮಾವ ಗೋರಿಯಿಂದ ಎದ್ದು ಬಂದಿರ್ತಿದ್ರು, ಮೋಳೆ.”

ಮಾವ ಪಾಪ್ಪಚ್ಚನ್ ರಬ್ಬರ್ ಮರಕ್ಕೆ ಗೀರು ಹಾಕುತ್ತಿದ್ದವನು. ಉಸಿರಾಟದ ಕಾಯಿಲೆಯಲ್ಲಿ ಮಲಗಿದ, ಏಳಲಿಲ್ಲ. ಆಗ ಮೇರಿಕ್ಕುಟ್ಟಿಗೆ ಮೂವತ್ತೆಂಟು. ಇಗರ್ಜಿಯ ಸಭಾಂಗಣದಲ್ಲಿ ಹೆಂಗಸರಿಗೆ ಹುಲ್ಲಿನ ಮೆಷಿನ್ ಕಲಿಸುತ್ತಾರೆ ಎಂದಾಗ ಹೆಸರು ಬರೆಸಿದವರು ಆರು ಜನ, ಕೊನೆಯವರೆಗೆ ನಿಂತವಳು ಇವಳೊಬ್ಬಳು. ಗಂಡನ ಪ್ಯಾಂಟು ತೊಟ್ಟು, ಮೇಲೆ ಅವನದೇ ಉದ್ದ ತೋಳಿನ ಅಂಗಿ ಹಾಕಿ, ತಲೆಗೆ ಪಂಚೆ ಸುತ್ತಿ ಮೆಷಿನ್ ಹೊತ್ತು ರಸ್ತೆಗಿಳಿದಾಗ ಚಹಾದ ಅಂಗಡಿಯ ಗಂಡಸರು, ಪಾಪ್ಪಚ್ಚನ್ ಸ್ವಲ್ಪ ದಪ್ಪಗಾಗಿದ್ದಾನಲ್ಲ ಎಂದು ಆಡಿಕೊಂಡರು. ವರ್ಷ ಕಳೆಯುವುದರೊಳಗೆ ಅವರ ಮನೆಗಳ ಹಿತ್ತಿಲನ್ನೂ ಅವಳೇ ಬೋಳಿಸುತ್ತಿದ್ದಳು. ಅದರಲ್ಲೇ ಮಗನನ್ನು ಓದಿಸಿದಳು, ಗಾರೆಯ ನೆಲ ಹಾಕಿಸಿದಳು. ಮುಂದಿನ ಹಲ್ಲು ನಾಲ್ಕು ಹೋದವು. ಪೆಟ್ರೋಲಿನಿಂದ ಅಂದರು ಕೆಲವರು, ಮೆಷಿನ್ ಎಸೆದ ಕಲ್ಲಿನಿಂದ ಅಂದಳು ಅವಳು. ಭಾನುವಾರ ಪೂಜೆಗೆ ಹೋದರೆ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಂದು ಮೊಳ ಆಚೆ ಸರಿಯುತ್ತಿದ್ದಳು.

ಜಿಸ್ಮಿಗೆ ಸರಿಯುವುದಕ್ಕೆ ಆಚೆ ಜಾಗವಿರಲಿಲ್ಲ. ಅನ್ನದಲ್ಲಿ ಆ ವಾಸನೆ. ತಲೆದಿಂಬಿನಲ್ಲಿ ಆ ವಾಸನೆ. ಅತ್ತೆ ಹಿಸುಕಿ ಬಡಿಸಿದ ಮರಗೆಣಸಿನಲ್ಲಿ, ಒಗೆದು ಒಣಗಿಸಿದ ಟವೆಲಿನಲ್ಲಿ, ಹೊಟ್ಟೆಯಲ್ಲಿ ಮಗು ನಿಂತ ಮೇಲಂತೂ ತನ್ನದೇ ಎಂಜಲಿನಲ್ಲಿ. ಬಸುರಿಯ ವಾಂತಿ ಎಂದು ಎಲ್ಲರೂ ನಕ್ಕರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ದಿನ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು. ಆ ಬಾಟಲಿಗಳು ಮನೆಯೊಳಗಿರುವ ತನಕ ಮಗುವನ್ನು ಅಲ್ಲಿಗೆ ತರುವುದಿಲ್ಲ.

ತಂದಳೂ ಇಲ್ಲ. ಹೆರಿಗೆಯಾದ ಐವತ್ತಾರನೆಯ ದಿನ ಕರೆದುಕೊಂಡು ಬರುವ ಶಾಸ್ತ್ರಕ್ಕೆ ಟೋಜೋ ಜೀಪು ತಂದ. ಬಾಟಲಿ ಎಲ್ಲಿವೆ ಎಂದು ಕೇಳಿದಳು. ಅಟ್ಟದ ಮೇಲೆ ಎಂದ. ಜೀಪು ಖಾಲಿ ಹೋಯಿತು. ಮಗು ಬೋರಲು ಬಿದ್ದಳು, ಪೊನ್ನು ಎಂದು ಕರೆದರೆ ತಿರುಗಿ ನೋಡತೊಡಗಿದಳು, ಏಳು ತಿಂಗಳಾಯಿತು. ಮೇರಿಕ್ಕುಟ್ಟಿ ಎರಡು ಸಲ ಬಸ್ಸಿನಲ್ಲಿ ಬಂದು, ಕಲೂರಿನ ಮನೆಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, ಮಗುವನ್ನು ದೂರದಿಂದ ನೋಡಿ ಹೋದಳು. ಎತ್ತಿಕೊಳ್ಳಲು ಯಾರೂ ಹೇಳಲಿಲ್ಲ, ಅವಳೂ ಕೈ ಚಾಚಲಿಲ್ಲ.

ಆ ಏಳು ತಿಂಗಳಲ್ಲಿ ಮೇರಿಕ್ಕುಟ್ಟಿ ಬಾಟಲಿಗಳನ್ನು ಇಡಲು ಊರೆಲ್ಲ ತಿರುಗಿದ್ದಳು. ಇಗರ್ಜಿಯ ಸಲಕರಣೆಯ ಕೋಣೆಯಲ್ಲಿ ಎರಡು ದಿನ ಇಟ್ಟಳು. ಗಂಟೆ ಹೊಡೆಯುವವನು ತಂದು ಮೆಟ್ಟಿಲ ಮೇಲಿಟ್ಟು ಹೋದ. ಡಾಕ್ಟರರ ಪಂಪಿನ ಮನೆ ಕೇಳಿದಳು. ಹುಲ್ಲು ಚೆನ್ನಾಗಿ ಹೊಡಿ, ಆದರೆ ಆ ದರಿದ್ರ ನಮ್ಮ ಜಾಗದಲ್ಲಿ ಬೇಡ ಎಂದರು. ಹನ್ನೆರಡು ವರ್ಷದಿಂದ ಅವಳ ಕೈಯಿಂದ ಹಿತ್ತಿಲು ಬೋಳಿಸಿಕೊಂಡವರಿಗೆಲ್ಲ ಮೆಷಿನ್ ಬೇಕು, ಮೆಷಿನ್ ಕುಡಿಯುವುದು ಮಾತ್ರ ಅಸಹ್ಯ. ಕೊನೆಗೆ ಜೀಪಿನ ಔಸೇಪ್ಪಚ್ಚನ್ ಒಂದು ಉಪಾಯ ಹೇಳಿದ. ಅವನ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷದ ಹಿಂದಿನ, ಗೇರ್ ಇರುವ ಒಂದು ಸ್ಕೂಟರ್ ಕೊಳೆಯುತ್ತಿತ್ತು. ಇಂಜಿನ್ ಸತ್ತಿತ್ತು, ಟ್ಯಾಂಕು ಗಟ್ಟಿ. ಆ ಕಾಲದ ಸ್ಕೂಟರಿಗೆ ಸೀಟಿನ ಕೆಳಗೆ ಪೆಟ್ರೋಲಿನ ನಲ್ಲಿ ಇರುತ್ತದೆ. ಕೊಳವೆ ಬಿಚ್ಚಿ ನಲ್ಲಿ ತಿರುಗಿಸಿದರೆ ತಾನಾಗಿ ಸುರಿಯುತ್ತದೆ, ಬಾಯಿ ಇಡಬೇಕಾಗಿಲ್ಲ. ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಕುಡಿಯುತ್ತಿದ್ದ ಗಾಡಿ, ಬೆರಕೆಯನ್ನೂ ಅದರಲ್ಲೇ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಮುಂದೆ ಸ್ಕೂಟರ್ ನಿಂತಿದ್ದರೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ಮನೆಯಿಂದ ಬಂಕಿನವರೆಗೆ ಇಳಿಜಾರು. ಮೇರಿಕ್ಕುಟ್ಟಿ ಹದಿನೈದು ದಿನಕ್ಕೊಮ್ಮೆ ಸತ್ತ ಸ್ಕೂಟರಿನ ಮೇಲೆ ಕೂತು, ಕಾಲು ಎತ್ತಿಕೊಂಡು, ಸದ್ದಿಲ್ಲದೆ ಜಾರಿ ಹೋಗಿ ಐದು ಲೀಟರ್ ಹಾಕಿಸುವಳು. ಔಸೇಪ್ಪಚ್ಚನ್ ಜೀಪಿಗೆ ಹಗ್ಗ ಕಟ್ಟಿ ಮೇಲೆಳೆದು ಬಿಡುವನು. ಬಂಕಿನ ಹುಡುಗಿ, “ಏನು ಅಮ್ಮಚ್ಚಿ, ಓಡೋದೇ ಇಲ್ಲ, ಕುಡಿಯೋದು ಮಾತ್ರ ಇಷ್ಟು,” ಎಂದರೆ, “ನಮ್ಮನೆ ಗಂಡಸರ ಅಭ್ಯಾಸ ಅದಕ್ಕೂ ಬಂದಿದೆ” ಎನ್ನುವಳು. ಊರಿಗೆಲ್ಲ ಗೊತ್ತಿತ್ತು. ಟೋಜೋನಿಗೂ ಗೊತ್ತಿತ್ತು. ಜಿಸ್ಮಿಗೆ ಅವನು ಹೇಳಿದ್ದು, ಬಾಟಲಿಗಳು ಹೋದವು, ಬಂದು ನೋಡು ಎಂದಷ್ಟೇ.

ಅವಳು ಬಂದು ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬಿಯ ಹಿಂದೆ, ಬಚ್ಚಲಿನಲ್ಲಿ ಮೂಸಿ ಮೂಸಿ ನೋಡಿದಳು. ಒಂದು ಬಾಟಲಿಯೂ ಇರಲಿಲ್ಲ. ಹೊರಜಗುಲಿಯಲ್ಲಿ ಮಾತ್ರ ಹಳೆಯ ಆಕಾಶನೀಲಿ ಸ್ಕೂಟರ್ ನಿಂತಿತ್ತು. ಮಾವನ ನೆನಪಿಗೆ ಇಟ್ಟಿದ್ದಾರೇನೋ ಎಂದುಕೊಂಡಳು. ಹತ್ತಿರ ಹೋದರೆ ಸ್ವಲ್ಪ ಪೆಟ್ರೋಲಿನ ವಾಸನೆ. ಸ್ಕೂಟರೆಂದರೆ ಅಷ್ಟು ಇದ್ದದ್ದೇ, ಕಲೂರಿನ ಅಪಾರ್ಟ್‌ಮೆಂಟಿನ ಕೆಳಗೆ ನಲವತ್ತು ನಿಲ್ಲುತ್ತಿದ್ದವು. ಅವಳು ಏಳುವ ಮೊದಲೇ ಅತ್ತೆ ಅದರ ನಲ್ಲಿ ತಿರುಗಿಸಿ ಮೆಷಿನ್ನಿಗೆ ತುಂಬಿಕೊಳ್ಳುತ್ತಿದ್ದದ್ದು, ಕತ್ತಲಲ್ಲೇ ಒಮ್ಮೆ ಬಂಕಿಗೆ ಹೋಗಿ ಬಂದದ್ದು ಅವಳಿಗೆ ಕಾಣಲಿಲ್ಲ.

ಪೊನ್ನುಗೆ ಊಟ ಮಾಡಿಸುವುದೆಂದರೆ ಯುದ್ಧ. ನೆಲದಲ್ಲಿ ಕೂರಿಸಿದರೆ ಕಿರುಚುತ್ತಾಳೆ, ಎತ್ತಿಕೊಂಡರೆ ಚಮಚ ಬಡಿಯುತ್ತಾಳೆ. ಸ್ಕೂಟರಿನ ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಒಂದು ಕೈ ಬಳಸಿ, ಬ್ರೂಂ ಬ್ರೂಂ ಎಂದರೆ ಮಾತ್ರ ಒಣಬಾಳೆಕಾಯಿ ಹಿಟ್ಟಿನ ಗಂಜಿಯನ್ನು ಬಾಯಗಲಿಸಿ ನುಂಗುತ್ತಾಳೆ. ಜಿಸ್ಮಿ ಚಮಚವನ್ನು ಕುದಿಸುವಳು, ಬಟ್ಟಲನ್ನು ಕುದಿಸುವಳು, ಗಂಜಿ ಉಗುರುಬೆಚ್ಚಗಾಯಿತೇ ಎಂದು ಮಣಿಕಟ್ಟಿಗೆ ಹಾಕಿ ನೋಡುವಳು, ಸೀಟಿನ ಮೇಲೆ ಇಸ್ತ್ರಿ ಹಾಕಿದ ಬಟ್ಟೆ ಹಾಸುವಳು. ಅತ್ತೆ ಕೆಲಸದಿಂದ ಬಂದು ಮೂರು ಸಲ ಸೋಪು ಹಚ್ಚಿ ಮಿಂದರೂ ಮಗುವನ್ನು ಕೊಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಮಲಗಿದ್ದಾಳೆ, ಈಗಷ್ಟೇ ಹಾಲು ಕುಡಿದಳು, ನೆಗಡಿ ಇದೆ ಎಂದು ಏನಾದರೂ ಹೇಳುತ್ತಿದ್ದಳು. ಮೇರಿಕ್ಕುಟ್ಟಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸ್ಕೂಟರಿನ ಮೇಲಿನ ಮಗುವನ್ನು ನೋಡುವಳು. ಒಮ್ಮೊಮ್ಮೆ ಏನೋ ಹೇಳಲು ಬಾಯಿ ತೆರೆದು ಮುಚ್ಚುವಳು. ಹೀಗೆ ಹದಿನೇಳು ದಿನ ಕಳೆದವು.

ಹದಿನೆಂಟನೆಯ ದಿನ ಮಧ್ಯಾಹ್ನ ಮೂರೂವರೆ. ಮಗುವಿನ ಸ್ನಾನಕ್ಕೆಂದು ಜಗುಲಿಯ ಪಕ್ಕದ ಒಲೆಯಲ್ಲಿ ತೆಂಗಿನ ಸಿಪ್ಪೆ ಉರಿಯುತ್ತಿತ್ತು, ಸ್ಕೂಟರಿನಿಂದ ಹತ್ತು ಹೆಜ್ಜೆ. ಮೇರಿಕ್ಕುಟ್ಟಿ ರಸ್ತೆ ತಿರುವಿನಲ್ಲಿರುವ ಡಾಕ್ಟರರ ಜಾಗದಲ್ಲಿ ಹುಲ್ಲು ಹೊಡೆಯುತ್ತಿದ್ದಳು. ಮೆಷಿನ್ನಿನ ಸದ್ದು ದೊಡ್ಡದೊಂದು ಕಣಜದಂತೆ ಕೇಳುತ್ತಿತ್ತು. ಮಗು ಸೀಟಿನ ಮೇಲೆ ಕುಣಿಯುತ್ತ ಗಂಜಿ ತಿನ್ನುತ್ತಿದ್ದಳು. ಜಿಸ್ಮಿಯ ಬರಿಗಾಲಿಗೆ ಏನೋ ಒದ್ದೆ ತಾಗಿತು. ಉಚ್ಚೆ ಎಂದುಕೊಂಡು ಮಗುವಿನ ತೊಡೆ ಮುಟ್ಟಿ ನೋಡಿದಳು. ಒಣಗಿತ್ತು. ಕಾಲಿನಡಿಯ ಒದ್ದೆ ಬೆಚ್ಚಗಿರಲಿಲ್ಲ. ಹಿಮದ ಹಾಗೆ ತಣ್ಣಗಿತ್ತು, ಕ್ಷಣದಲ್ಲಿ ಆರುತ್ತಿತ್ತು, ಮತ್ತೆ ಒದ್ದೆಯಾಗುತ್ತಿತ್ತು. ಬೆರಳದ್ದಿ ಮೂಗಿಗೆ ಹಿಡಿದಳು.

ಮಂಚದ ಕೆಳಗಿನ ಅದೇ ವಾಸನೆ. ಸೀಟಿನ ಅಡಿಯಿಂದ ಹಸಿರು ಹನಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು.

ಚಮಚ ಎಲ್ಲಿ ಬಿತ್ತೋ ಅವಳು ನೋಡಲಿಲ್ಲ. ಮಗುವನ್ನು ಎದೆಗವಚಿಕೊಂಡು ರಸ್ತೆಯವರೆಗೆ ಓಡಿದಳು. ಒಲೆಯ ನೆನಪಾಯಿತು, ಆರಿಸಲು ಹೋಗಬೇಕೆಂದರೆ ಮಗುವನ್ನು ಎಲ್ಲಿಡುವುದು? ಹಿಂಬಾಗಿಲಿನಿಂದ ಹೋಗಿ ಕೈಗೆ ಸಿಕ್ಕಿದ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುರುಕಿ, ಮತ್ತೆ ರಸ್ತೆಗೆ ಬಂದು ಗಂಡನಿಗೆ ಫೋನು ಮಾಡಿದಳು. ಬಸ್ಸಿನ ಗದ್ದಲದಲ್ಲಿ ಅವನು ಹೇಳಿದ್ದಿಷ್ಟು: ಟ್ಯಾಂಕು ಮುಚ್ಚಿದೆಯಲ್ಲ, ಏನಾಗುತ್ತದೆ, ಊರಲ್ಲಿ ಎಲ್ಲರ ಮನೆಯ ಮುಂದೂ ಸ್ಕೂಟರಿಲ್ಲವೇ. ಅಂದರೆ ಅವನಿಗೆ ಗೊತ್ತಿತ್ತು. ಹದಿನೇಳು ದಿನ ಐದು ಲೀಟರ್ ಪೆಟ್ರೋಲಿನ ಮೇಲೆ ತನ್ನ ಕೂಸನ್ನು ತಾನೇ ಕುಣಿಸಿದ್ದಳು, ಬ್ರೂಂ ಬ್ರೂಂ ಎಂದು ನಗಿಸಿದ್ದಳು. ಚಮಚ ಕುದಿಸಿ! ಅವಳಿಗೆ ತನ್ನ ಬೆರಳುಗಳ ಮೇಲೇ ಹೇಸಿಗೆಯಾಯಿತು. ಸಂಜೆ ಐದರ ಬಸ್ಸಿಗೆ ಹೊರಟುಬಿಡುವುದು, ಮತ್ತೆ ಈ ಗುಡ್ಡ ಹತ್ತುವುದಿಲ್ಲ ಎಂದು ನಿಶ್ಚಯಿಸಿದಳು.

ಮೆಷಿನ್ನಿನ ಸದ್ದು ಸುಮಾರು ಹೊತ್ತಿನ ಹಿಂದೆಯೇ ನಿಂತಿತ್ತು. ತಿರುವಿನಿಂದ ಮೇರಿಕ್ಕುಟ್ಟಿ ಬಂದಳು. ಹುಲ್ಲಿನ ಚೂರು ಮೈತುಂಬ ಅಂಟಿದ್ದು ದಿನಾ ಇರುವುದೇ. ಇವತ್ತು ಮುಖ, ಕುತ್ತಿಗೆ, ಅಂಗಿಯ ಎದೆಯೆಲ್ಲ ಬೇರೇನೋ ಲೋಳೆ ಮೆತ್ತಿತ್ತು. ಸೊಸೆಯನ್ನು, ಬ್ಯಾಗನ್ನು, ಜಗುಲಿಯನ್ನು ಒಂದು ಸಲ ನೋಡಿದಳು. ಏನೂ ಕೇಳದೆ ಮೆಷಿನ್ನನ್ನು ರಸ್ತೆಯಂಚಿನಲ್ಲೇ ಇಳಿಸಿ, ಒಳಗೆ ನಡೆದು, ಕೊಡದ ನೀರನ್ನು ಒಲೆಗೆ ಸುರಿದಳು. ಹೊಗೆ ಎದ್ದು ಅಡಗಿತು.

“ಒಲೆ ಉರೀತಿದೆ, ಪೆಟ್ರೋಲ್ ಸುರೀತಿದೆ,” ಎಂದಳು ಅಲ್ಲಿಂದಲೇ. “ಒಂದು ಕೊಡ ನೀರು ಎತ್ತಿ ಹಾಕೋಕೆ ಬರಲಿಲ್ವಾ ನಿನಗೆ?”

“ಮಗು ಕೈಯಲ್ಲಿತ್ತು.” ಎಂದಳು ಜಿಸ್ಮಿ. “ಈ ಮಗೂನ ನಾನು ದಿನಾ ಅದರ ಮೇಲೆ ಕೂರಿಸ್ತಿದ್ದೆ. ನೀವು ನೋಡ್ತಾ ನಿಂತಿರ್ತಿದ್ರಿ.”

“ನಿಂತಿರ್ತಿದ್ದೆ. ಬೇಡ ಮೋಳೆ ಅನ್ನೋ ಮಾತು ಬಾಯಿ ತನಕ ಬರ್ತಿತ್ತು. ಅಂದಿದ್ರೆ ನೀನು ಅವತ್ತೇ ಹೊರಟುಹೋಗ್ತಿದ್ದೆ.”

ಸುಳ್ಳು ಹೇಳಿದ್ದರೆ ಜಿಸ್ಮಿಗೆ ಕೂಗಾಡಲು ಸುಲಭವಾಗುತ್ತಿತ್ತು. ಮೇರಿಕ್ಕುಟ್ಟಿ ಹತ್ತಿರ ಬಂದಳು. ಪೆಟ್ರೋಲಿನ ವಾಸನೆಯನ್ನೂ ಮೀರಿದ ನಾತವೊಂದು ಅವಳ ಜೊತೆಗೇ ಬಂತು. ಹುಳಿತ, ಕಟುವಾದ, ಮೂಗಿಗೆ ಪರಿಚಿತವಾದ ನಾತ. ಜಿಸ್ಮಿ ಮಗುವಿನ ಮುಖವನ್ನು ಆಚೆ ತಿರುಗಿಸಿಕೊಂಡು ಹಿಂದೆ ಸರಿದಳು. ದೂರ ನಿಲ್ಲಿ, ಅದೇನು ಮೈಮೇಲೆ ಎಂದು ಕೇಳಿದಳು.

“ಇದಾ? ಇದು ನಿನ್ನದೇ.”

ಮೇರಿಕ್ಕುಟ್ಟಿ ಪ್ಯಾಂಟಿನ ಜೇಬಿನಿಂದ ಒಂದು ಹರಿದ ಹಳದಿ ಕವರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಜಿಸ್ಮಿ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಕವರು. ಅವಳ ತಾಯಿ ಮಗುವಿನ ಬಟ್ಟೆಗಳನ್ನೆಲ್ಲ ಅದರಲ್ಲೇ ಕಟ್ಟಿಕೊಟ್ಟಿದ್ದಳು. ಖಾಲಿಯಾದ ಕವರುಗಳಲ್ಲಿ ಜಿಸ್ಮಿ ದಿನಾ ಪೊನ್ನುವಿನ ಡೈಪರುಗಳನ್ನು ಕಟ್ಟಿ, ಎರಡು ಗಂಟು ಹಾಕಿ, ಹಿತ್ತಿಲ ಬಾಳೆಯ ಹತ್ತಿರ ಆಳವಾಗಿ ಗುಂಡಿ ತೋಡಿ ಹೂಳಲು ಟೋಜೋನ ಕೈಗೆ ಕೊಡುತ್ತಿದ್ದಳು.

“ಎದೆಮಟ್ಟ ಹುಲ್ಲು. ಒಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ? ಹದಿನೇಳು ಕಟ್ಟು ಇದ್ವು, ಸಾಲಾಗಿ, ಬೈಕ್ ಮೇಲಿಂದ ಎಸೆದ ಹಾಗೆ. ಮುಖದ ಪ್ಲಾಸ್ಟಿಕ್ ಕಾಪು ಬೆವರಿಗೆ ಮಬ್ಬಾಗಿತ್ತು, ಮೇಲೆತ್ತಿದ್ದೆ. ಮೆಷಿನ್ನಿನ ತಿರುಗೋ ದಾರ ತಾಗಿತು ನೋಡು, ಸಬ್ಬಕ್ಕಿ ಪಾಯಸದ ಹಾಗೆ ಬಂತು. ಬಾಯಿ ತೆರೆದಿದ್ದೆ ಮೋಳೆ.”

“ಟೋಜೋ ಹೂಳ್ತಿದೀನಿ ಅಂದಿದ್ರು,” ಎಂದಳು ಜಿಸ್ಮಿ.

“ನನ್ನ ಮಗ ಗುಂಡಿ ತೋಡಿದ್ದನ್ನ ನೀನು ಕಂಡಿದೀಯಾ? ಅವನು ಹುಟ್ಟಿದಾಗಿಂದ ನಾನು ಕಂಡಿಲ್ಲ.” ಮೇರಿಕ್ಕುಟ್ಟಿ ಕವರನ್ನು ನೆಲಕ್ಕೆ ಬಿಟ್ಟಳು. “ಹದಿಮೂರು ವರ್ಷ ಪೆಟ್ರೋಲ್ ಬಾಯಿಗೆ ಬಂದಿದೆ. ಉಗಿದರೆ ಹೋಗುತ್ತೆ, ಅಷ್ಟೇ. ನಾಯಿ ಹೆಣ ಹಾರಿದೆ, ಹಾವಿನ ತುಂಡು ಬಿದ್ದಿದೆ. ಇವತ್ತಿನ ಹಾಗೆ ಯಾವತ್ತೂ ಆಗಿರಲಿಲ್ಲ. ಮೂರು ಸಲ ವಾಂತಿ ಮಾಡಿದೆ. ಐದರ ಬಸ್ಸು ಬರುತ್ತೆ. ನಿನ್ನ ಗಂಡನೇ ಟಿಕೆಟ್ ಹರೀತಾನೆ. ಹೋಗೋದಾದ್ರೆ ಹೋಗು. ಕೈ ಹಿಡಿದು ನಿಲ್ಲಿಸ್ಕೊಳೋಣ ಅಂದ್ರೆ, ಈ ಕೈಯಲ್ಲಿ ಹೇಗೆ ಹಿಡೀಲಿ.”

ಜಿಸ್ಮಿ ಕವರನ್ನೇ ನೋಡುತ್ತ ನಿಂತಳು. ಗಂಟು ಅವಳದೇ, ಎರಡು ಸಲ ಬಿಗಿದದ್ದು, ಮೇಲೆ ಒಂದು ಕುಣಿಕೆ. ಕೈತೊಳೆದು ಒಳಗೆ ಬಂದರೆ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಕಣ್ಣಿಗೆ ಕಾಣದ ಮೇಲೆ ಅದು ಎಲ್ಲಿ ಹೋಯಿತೆಂದು ಒಂದು ದಿನವೂ ಬಾಳೆಯ ಬುಡಕ್ಕೆ ಹೋಗಿ ನೋಡಿರಲಿಲ್ಲ. ಮಗು ಮಾತ್ರ ಅಜ್ಜಿಯ ತಲೆಯ ಮೇಲಿನ ಹುಲ್ಲನ್ನು ನೋಡಿ ಕೈ ಬಡಿಯುತ್ತಿದ್ದಳು.

ಜಗುಲಿಯಲ್ಲಿ ಹನಿ ಬೀಳುವ ಸದ್ದು ಅಲ್ಲಿಯ ತನಕ ಕೇಳುತ್ತಿತ್ತು, ಅಥವಾ ಜಿಸ್ಮಿಗೆ ಹಾಗನ್ನಿಸಿತು.

“ಆ ಪೆಟ್ರೋಲ್ ಎಲ್ಲಿಡ್ತೀರ ಇನ್ನು?” ಎಂದು ಕೇಳಿದಳು.

“ನೀನೇ ಹೇಳು. ಕೇಳದ ಮನೆ ಉಳಿದಿಲ್ಲ.”

ಜಿಸ್ಮಿ ಸುತ್ತ ನೋಡಿದಳು. ಬಂದಾಗಿನಿಂದ ಮನೆಯೊಳಗಿನ ಮೂಲೆಗಳನ್ನು ಮೂಸಿದ್ದಳೇ ಹೊರತು ಹೊರಗೆ ಸರಿಯಾಗಿ ನೋಡಿರಲಿಲ್ಲ. ಅಂಗಳದಿಂದ ಕೆಳಗೆ, ಕಲ್ಲಿನ ಕಟ್ಟೆಯಾಚೆ, ಮನೆಯಿಂದ ಅರವತ್ತು ಹೆಜ್ಜೆ ದೂರದಲ್ಲಿ ರಬ್ಬರ್ ಹಾಳೆ ಒತ್ತುತ್ತಿದ್ದ ಹಳೆಯ ಶೆಡ್ಡು. ಮೂರು ಬದಿ ತೆರೆದಿದೆ, ತಗಡಿನ ಮಾಡು ಗಟ್ಟಿಯಾಗಿದೆ, ಒಲೆಯಿಲ್ಲ, ತಂತಿಯಿಲ್ಲ. ಅಲ್ಲಿ ಎಂದು ಬೆರಳು ಮಾಡಿದಳು.

ಅಲ್ಲಿ ಇಟ್ಟರೆ ಬೆಳಗಾಗುವುದರೊಳಗೆ ಕದಿಯುತ್ತಾರೆ ಎಂದಳು ಮೇರಿಕ್ಕುಟ್ಟಿ. ಸರಪಳಿ ಹಾಕಿ ಎಂದಳು ಜಿಸ್ಮಿ. ಸರಪಳಿ ಸ್ಕೂಟರಿಗೆ, ಪೆಟ್ರೋಲನ್ನು ಎಳೆಯಲು ಒಂದು ಕೊಳವೆ ಸಾಕು, ಊರಿಗೆಲ್ಲ ಆ ವಿದ್ಯೆ ಬರುತ್ತದೆ ಎಂದು ಮೇರಿಕ್ಕುಟ್ಟಿ ಹೇಳಿದಾಗ ಜಿಸ್ಮಿ ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದಳು.

“ಕದ್ದರೆ ಕದೀಲಿ, ಅಮ್ಮಚ್ಚಿ. ಮಗು ಸುಡಲ್ಲ.”

ಮೇರಿಕ್ಕುಟ್ಟಿ ಜಗುಲಿಗೆ ಹೋಗಿ, ಬಗ್ಗಿ, ಸೀಟಿನಡಿ ಕತ್ತು ಹಾಕಿ ನೋಡಿ, ನಲ್ಲಿ ಟ್ಯಾಂಕಿಗೆ ಸೇರುವಲ್ಲಿ ರಬ್ಬರು ಒಣಗಿ ಬಿರಿದಿದೆ ಎಂದಳು. ಸೋಪು ಬೇಕು, ಬಟ್ಟೆಯದೋ ಮೈಯದೋ ಯಾವುದಾದರೂ ಸರಿ. ಸೋಪನ್ನು ಬಿರುಕಿಗೆ ತುರುಕಿದರೆ ಒಂದು ಗಂಟೆ ಹಿಡಿಯುತ್ತದೆ. ಆದರೆ ಈ ಕೆಲಸ ಮಾಡುವವರು ಮಗುವನ್ನು ಮುಟ್ಟುವ ಹಾಗಿಲ್ಲ, ಮಗುವನ್ನು ಹಿಡಿಯುವವರು ಮೊದಲು ಮೀಯಬೇಕು. ಮೈಮೇಲಿನ ಈ ಲೋಳೆಗೆ ತಾನು ಮೀಯಲೇಬೇಕು, ಮಿಂದು ಬಂದು ಮತ್ತೆ ಪೆಟ್ರೋಲಿಗೆ ಕೈ ಹಾಕಲು ತನ್ನಿಂದಾಗದು.

“ನಾನು ಮೀತೀನಿ, ಮಗೂನ ಹಿಡೀತೀನಿ. ನೀನು ತಳ್ಳು. ಇಳಿಜಾರು, ಬ್ರೇಕ್ ಹಿಡ್ಕೊಂಡು ನಡೆದರೆ ಸಾಕು. ಇಲ್ಲಾಂದ್ರೆ ಬಸ್ಸಿದೆ.”

ಮೇರಿಕ್ಕುಟ್ಟಿ ಮೀಯುವಷ್ಟು ಹೊತ್ತು ಜಿಸ್ಮಿ ರಸ್ತೆಯಂಚಿನಲ್ಲಿ ಬ್ಯಾಗಿನ ಪಕ್ಕ ನಿಂತೇ ಇದ್ದಳು. ಬಚ್ಚಲಿನಿಂದ ಉಜ್ಜುವ ಸದ್ದು, ಬಾಯಿ ಮುಕ್ಕಳಿಸಿ ಉಗಿಯುವ ಸದ್ದು, ಮತ್ತೆ ಉಜ್ಜುವ ಸದ್ದು. ಕೊನೆಗೆ ಅವಳು ಇಗರ್ಜಿಗೆ ಉಡುವ ಬಿಳಿ ಬಟ್ಟೆ ತೊಟ್ಟು ಹೊರಗೆ ಬಂದಳು. ಕೈ ಚಾಚಲಿಲ್ಲ, ಎರಡು ಹೆಜ್ಜೆ ದೂರದಲ್ಲಿ ನಿಂತಳು. ಜಿಸ್ಮಿ ಮಗುವಿನ ಕತ್ತಿನಡಿ ಕೈ ಹಾಕಿ, ತೆಗೆದು, ಮತ್ತೆ ಹಾಕಿ, ಕಡೆಗೆ ಕೊಟ್ಟಳು. ಕೊಟ್ಟ ಮೇಲೂ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದಳು. ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿ, ಇನ್ನೂ ದೂರ, ಇನ್ನೂ ದೂರ ಎಂದು ಹೇಳುತ್ತ ಬಿಟ್ಟಳು.

ಒಳಗೆ ಕೈಗೆ ಸಿಕ್ಕಿದ್ದು ಪೊನ್ನುವಿನ ಸೋಪು, ಗುಲಾಬಿ ಬಣ್ಣದ್ದು, ಇನ್ನೂ ಅರ್ಧವೂ ಸವೆದಿರಲಿಲ್ಲ. ಜಿಸ್ಮಿ ಮೊಣಕಾಲೂರಿ ಸೀಟಿನಡಿ ಕೈ ತೂರಿಸಿದಳು. ಹನಿಗಳು ಮಣಿಕಟ್ಟಿನಿಂದ ಮೊಣಕೈವರೆಗೆ ತಣ್ಣಗೆ ಇಳಿದವು. ಸೋಪನ್ನು ಉಗುರಿನಿಂದ ಕಿತ್ತು ಕಿತ್ತು ಬಿರುಕಿಗೆ ಮೆತ್ತಿದಳು. ಮಗುವಿನ ನೆತ್ತಿಯ ವಾಸನೆ ಮತ್ತು ಪೆಟ್ರೋಲಿನ ವಾಸನೆ ಒಟ್ಟಿಗೆ ಮೂಗಿಗೆ ಹೊಡೆದವು. ಒಂದು ಸಲ ತಿರುಗಿ ವಾಂತಿ ಮಾಡಿಕೊಂಡು, ಭುಜಕ್ಕೆ ಬಾಯಿ ಒರೆಸಿ, ಮತ್ತೆ ಮೆತ್ತಿದಳು. ಹನಿ ನಿಧಾನವಾಯಿತು, ನಿಂತಿತು.

ಸ್ಕೂಟರ್ ನೋಡಿದ್ದಕ್ಕಿಂತ ಭಾರವಿತ್ತು. ಜಗುಲಿಯಿಂದ ಇಳಿಸುವಾಗಲೇ ಅದು ಅವಳನ್ನು ಎಳೆದುಕೊಂಡು ಹೊರಟಿತು. ಮುಂದಿನ ಬ್ರೇಕು ಹಿಡಿಯುವುದೋ ಬಿಡುವುದೋ ಅದರ ಇಷ್ಟ. ಚಪ್ಪಲಿಯಿಲ್ಲದ ಕಾಲನ್ನು ಕಲ್ಲಿಗೆ ಊರಿ ಊರಿ, ಸೊಂಟದಿಂದ ತಡೆದು, ಒಳಗೆ ಪೆಟ್ರೋಲು ಕುಲುಕುವುದನ್ನು ಕೇಳುತ್ತ ಅವಳು ಇಳಿದಳು. ಆಚೆಯಿಂದ ಮೇರಿಕ್ಕುಟ್ಟಿ ಎಡಕ್ಕೆ, ಹಿಂದಕ್ಕೆ ವಾಲು, ಕೈ ಬಿಡಬೇಡ ಎಂದು ಹೇಳುತ್ತಲೇ ಇದ್ದಳು. ಅರ್ಧ ದಾರಿಯಲ್ಲಿ ಐದರ ಬಸ್ಸು ತಿರುವು ದಾಟಿ ಬಂತು. ಟೋಜೋ ಫುಟ್‌ಬೋರ್ಡಿನಲ್ಲಿ ನಿಂತಿದ್ದ. ರಸ್ತೆಯಂಚಿನಲ್ಲಿ ಬ್ಯಾಗು, ಬಿಳಿಬಟ್ಟೆಯ ತಾಯಿಯ ಕಂಕುಳಲ್ಲಿ ಮಗಳು, ಇಳಿಜಾರಿನಲ್ಲಿ ಸತ್ತ ಸ್ಕೂಟರಿಗೆ ಜೋತುಬಿದ್ದ ಹೆಂಡತಿ. ಬಸ್ಸು ನಿಧಾನವಾಯಿತು. ಹತ್ತುವವರು ಯಾರೂ ಕಾಣದೆ ಅವನು ಸ್ವಲ್ಪ ಹೊತ್ತು ಕಾದು, ಕೊನೆಗೆ ಸೀಟಿ ಊದಿದ. ಜಿಸ್ಮಿ ತಲೆಯೆತ್ತಲಿಲ್ಲ.

ಶೆಡ್ಡಿನೊಳಗೆ ಸ್ಕೂಟರನ್ನು ಕಂಬಕ್ಕೆ ಒರಗಿಸಿ ಅವಳು ಮೇಲೆ ಬರುವಷ್ಟರಲ್ಲಿ ಮಗು ಅಳುತ್ತಿದ್ದಳು. ಹಸಿವಿನ ಅಳು, ನಿಲ್ಲುವಂಥದ್ದಲ್ಲ. ಜಿಸ್ಮಿ ಬಾವಿಕಟ್ಟೆಯಲ್ಲಿ ಕೈಗಳನ್ನು ಬೂದಿಯಿಂದ ಉಜ್ಜಿದಳು, ಹುಣಸೆಯಿಂದ ಉಜ್ಜಿದಳು, ಉಳಿದಿದ್ದ ಸೋಪಿನ ಚೂರಿನಿಂದ ಉಜ್ಜಿದಳು, ಪ್ರತಿ ಸಲ ಮೂಸಿ ನೋಡಿ ಮುಖ ಕಿವುಚಿದಳು. ಉಗುರಿನ ಸಂದಿಯಲ್ಲಿ ಅದು ಕೂತುಬಿಟ್ಟಿತ್ತು.

“ಎರಡು ದಿನ ಹೋಗಲ್ಲ ಅದು,” ಎಂದಳು ಮೇರಿಕ್ಕುಟ್ಟಿ. “ಬಾ, ಕೂತ್ಕೊ.”

ಜಿಸ್ಮಿ ಬೇರೆ ಅಂಗಿ ತೊಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಎರಡೂ ಕೈಗಳನ್ನು ಮೈಯಿಂದ ದೂರ, ಯಾರದೋ ಕೈಗಳೆಂಬಂತೆ ಚಾಚಿ ಹಿಡಿದಳು. ಮೇರಿಕ್ಕುಟ್ಟಿ ಎದುರು ಕುಕ್ಕರುಗಾಲಲ್ಲಿ ಕೂತು, ಸೊಸೆಯ ಅಂಗಿಯ ಗುಂಡಿ ಬಿಚ್ಚಿ, ಮಗುವನ್ನು ಎತ್ತಿ ಎದೆಗೆ ಹಿಡಿದಳು. ಅಳು ನಿಂತಿತು. ಮಗು ಹಾಲು ಕುಡಿದು ಮುಗಿಸುವ ತನಕ ಅವಳು ಹಾಗೆಯೇ ಹಿಡಿದಿದ್ದಳು, ಮೊಣಕಾಲು ನೋಯುತ್ತಿದ್ದರೂ.

“ನಾಳೆ ಆ ಡಾಕ್ಟರ ಜಾಗದ ಕಟ್ಟುಗಳನ್ನ ಹೆಕ್ಕೋಕೆ ಯಾರು ಹೋಗ್ತಾರೆ?” ಎಂದು ಕೇಳಿದಳು ಜಿಸ್ಮಿ.

“ಹಾಕಿದವನು.”

“ಅವರು ಗುಂಡಿ ತೋಡೋ ತನಕ ನಾನು ಪಕ್ಕದಲ್ಲೇ ನಿಂತಿರ್ತೀನಿ,” ಎಂದಳು ಜಿಸ್ಮಿ, ಕೈಗಳನ್ನು ಇನ್ನೂ ಗಾಳಿಯಲ್ಲೇ ಹಿಡಿದು.